ವಿಮಾನದ ಎಂಜಿನ್ ತಣಿಯುವ ಬಗೆ



ಯಲಬುರ್ಗಾ, ಕುಷ್ಟಗಿ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳನ್ನು ನೀವು ನೋಡಿರಬಹುದು. ಅಡುಗೆಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇರುತ್ತದೆ. ಮಳೆ ಬಂತೆಂದು ಅದನ್ನು ಮುಚ್ಚಿದರೆ, ಬಾಗಿಲು ಎಷ್ಟೇ ತೆರೆದಿದ್ದರೂ ಒಲೆಯ ಹೊಗೆ ಒಳಗೇ ಸುತ್ತುತ್ತದೆ. ಹವ್ಯಾಸಿಗಳು ತಾವೇ ಕಟ್ಟಿಕೊಳ್ಳುವ ಸಣ್ಣ ವಿಮಾನಗಳ ಎಂಜಿನ್ ಅತಿಯಾಗಿ ಕಾಯುವುದಕ್ಕೂ ಎಷ್ಟೋ ಸಲ ಇಂಥದೇ ಕಾರಣವಿರುತ್ತದೆ.

ಇಂಥ ವಿಮಾನವೊಂದು ನಮ್ಮ ಬೆಂಗಳೂರಿನಲ್ಲೂ ತಯಾರಾಯಿತು. ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗೆಂದು ರೂಪಿಸಿದ 'ಲಾಂಗ್ ಈಜಿ' ವಿಮಾನವನ್ನು ಅನುಸರಿಸಿ ಎನ್.ಎ.ಎಲ್. ಸಂಸ್ಥೆ ಒಂದು ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿತು. ಅದರ ಎಂಜಿನ್ ಮತ್ತು ಪ್ರೊಪೆಲರ್ ಇರುವುದು ಬೆನ್ನ ಹಿಂದೆ. ಮುಂದೆ ಪ್ರೊಪೆಲರ್ ಇದ್ದರೆ ನೆಲದ ಮೇಲೆ ನಿಂತಾಗಲೂ ಎಂಜಿನ್ನಿಗೆ ಅಷ್ಟಿಷ್ಟು ಗಾಳಿ ಬೀಸುತ್ತದೆ. ಹಿಂದಿದ್ದರೆ ಆ ಭಾಗ್ಯವೂ ಇಲ್ಲ.

ಮೋಟಾರ್ ಸೈಕಲ್ಲಿನ ಹಾಗೆಯೇ ಈ ಎಂಜಿನ್ನಿನ ಸಿಲಿಂಡರುಗಳಿಗೂ ತೆಳುವಾದ ಲೋಹದ ಪಟ್ಟಿಗಳಿರುತ್ತವೆ. ಅವುಗಳ ಸಂದಿಯಲ್ಲಿ ಗಾಳಿ ನುಗ್ಗಬೇಕು. ಆದರೆ ಗಾಳಿ ಸೋಮಾರಿ, ಸುಲಭದ ದಾರಿ ಹಿಡಿಯುತ್ತದೆ. ಆದ್ದರಿಂದ ಸುತ್ತಲೂ ತಗಡಿನ ತಡೆಗಳನ್ನು ಕಟ್ಟಿ, ಅಂಚುಗಳಿಗೆ ರಬ್ಬರ್ ಹಚ್ಚಿ, ಬೇರೆ ದಾರಿ ಇಲ್ಲದಂತೆ ಮಾಡುತ್ತಾರೆ. ಬೆರಳು ತೂರುವಷ್ಟು ಸಂದಿ ಉಳಿದರೂ ಅಷ್ಟು ಗಾಳಿ ದಂಡ.

ಎಂಜಿನ್ ಕಾದರೆ ಹೊಸಬರು ಮೊದಲು ಮಾಡುವ ಕೆಲಸವೆಂದರೆ ಗಾಳಿ ಒಳಬರುವ ರಂಧ್ರವನ್ನು ದೊಡ್ಡದು ಮಾಡುವುದು. ಇದರಿಂದ ಹೆಚ್ಚಾಗಿ ಲಾಭವಿಲ್ಲ. ಗಾಳಿ ಹರಿಯುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸದಿಂದ. ಮೇಲಾಗಿ ಸಿಲಿಂಡರ್ ದಾಟಿದ ಗಾಳಿ ಬಿಸಿಯಾಗಿ ಹಿಗ್ಗಿರುತ್ತದೆ. ಅದಕ್ಕೆ ಹೊರಹೋಗಲು ಸಾಮಾನ್ಯವಾಗಿ ಒಳದಾರಿಗಿಂತ ಅಗಲವಾದ ದಾರಿ ಬೇಕು. ಹೊರದಾರಿಯ ಅಂಚಿಗೆ ಸಣ್ಣ ತುಟಿ ಇಟ್ಟು ಕೆಳಕ್ಕೆ ಬಾಗಿಸಿದರೆ ಅಲ್ಲಿ ಒತ್ತಡ ತಗ್ಗಿ, ಒಳಗಿನ ಗಾಳಿಯನ್ನು ಸೆಳೆಯುತ್ತದೆ. ಆದರೆ ವಿಮಾನವನ್ನು ಹಿಂದಕ್ಕೆಳೆಯುವ ಪ್ರತಿರೋಧವೂ ಹೆಚ್ಚುತ್ತದೆ. ಅದಕ್ಕೇ ಕೆಲವು ವಿಮಾನಗಳಲ್ಲಿ ಅಲ್ಲೊಂದು ಕದವಿಟ್ಟು, ಮೇಲೇರುವಾಗ ತೆರೆದು, ಸಮತಟ್ಟಾಗಿ ಹಾರುವಾಗ ಮುಚ್ಚುತ್ತಾರೆ. ಮೇಲೇರುವಾಗ ಎಂಜಿನ್ನಿಗೆ ದುಡಿಮೆ ಪೂರ್ತಿ, ವೇಗ ಮಾತ್ರ ಕಡಿಮೆ.

ಹೊಗೆ ಕೊಳವೆಯನ್ನೂ ಈ ಕೆಲಸಕ್ಕೆ ದುಡಿಸಿಕೊಳ್ಳಬಹುದು. ರಭಸವಾಗಿ ಚಿಮ್ಮುವ ಬಿಸಿ ಅನಿಲ ಹೊರದಾರಿಯಲ್ಲಿ ಸುತ್ತಲಿನ ಗಾಳಿಯನ್ನೂ ಜೊತೆಗೆ ಎಳೆದೊಯ್ಯುತ್ತದೆ. ಆದರೆ ಇಲ್ಲಿ ಎಚ್ಚರ ಬೇಕು. ಕೊಳವೆ ಬಿರುಕು ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಸೋರಿ, ಚಾಲಕ ಕೂಡುವ ಕೋಣೆಗೆ ಬರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಾಲಕನಿಗೆ ತಲೆನೋವು, ಮಂಪರು, ಆಮೇಲೆ ಪ್ರಜ್ಞೆಯೇ ತಪ್ಪೀತು. ಆದ್ದರಿಂದ ಕೊಳವೆಯ ಬಾಯಿ ಹೊದಿಕೆಯಿಂದ ಹೊರಗೇ ಇರಬೇಕು. ಬೆಸುಗೆಗಳನ್ನು ಆಗಾಗ ಪರೀಕ್ಷಿಸಬೇಕು.

ಇನ್ನು ನಮ್ಮ ಬಿಸಿಲು. 15 ಡಿಗ್ರಿ ಸೆಲ್ಸಿಯಸ್ ಗಾಳಿಗಿಂತ ಕೊಪ್ಪಳ, ಗಂಗಾವತಿಯ ಬೇಸಿಗೆಯ 40 ಡಿಗ್ರಿ ಗಾಳಿಯ ಸಾಂದ್ರತೆ, ಒತ್ತಡ ಒಂದೇ ಆಗಿದ್ದರೆ, ಸುಮಾರು ಶೇಕಡಾ 8ರಷ್ಟು ಕಡಿಮೆ. ತಣಿಸಬೇಕಾದ ಗಾಳಿ ತೆಳು, ಅದರ ಮೇಲೆ ಅದೇ ಬಿಸಿ! ತಂಪು ದೇಶದ ನಕ್ಷೆ ನೋಡಿ ಕಟ್ಟಿದ ಹೊರದಾರಿ ಇಲ್ಲಿ ಸಾಲದೆ ಹೋಗಬಹುದು. ಎಷ್ಟು ಸಾಲದು ಎಂಬುದನ್ನು ಪ್ರತಿ ಸಿಲಿಂಡರಿನ ತಲೆಗೂ ಉಷ್ಣಮಾಪಕ ಜೋಡಿಸಿ, ಏಪ್ರಿಲ್ ತಿಂಗಳ ಮಧ್ಯಾಹ್ನವೇ ಅಳೆದು ನೋಡಬೇಕು.