ಸಕ್ಕರೆ ಕಾಯಿಲೆಯ ಮಾತ್ರೆಗಳು: ಎಲ್ಲವೂ ಒಂದೇ ಅಲ್ಲ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮದು ಸಕ್ಕರೆಯ ಜಿಲ್ಲೆ. ಶ್ರೀರಂಗಪಟ್ಟಣ, ಪಾಂಡವಪುರದ ಕಬ್ಬಿನ ಗದ್ದೆಗಳು, ಆಲೆಮನೆಯ ಬೆಲ್ಲ ನಮಗೆ ಹೆಮ್ಮೆ. ಆದರೆ ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಅದು ಕಾಯಿಲೆ. ಐಸಿಎಂಆರ್ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಕೆ.ಆರ್.ಪೇಟೆಯಾಗಲಿ, ನಾಗಮಂಗಲವಾಗಲಿ, ಮಾತ್ರೆ ನುಂಗುವವರಿಲ್ಲದ ಬೀದಿ ಸಿಗುವುದು ಕಷ್ಟ. ಆದರೂ ಎಲ್ಲವನ್ನೂ 'ಶುಗರ್ ಮಾತ್ರೆ' ಎಂದು ಒಂದೇ ಹೆಸರಿನಿಂದ ಕರೆಯುತ್ತೇವೆ. ನೆರೆಮನೆಯವರ ಮಾತ್ರೆ ಕೇಳಿ ನುಂಗುವವರೂ ಇದ್ದಾರೆ. ಇದು ಅಪಾಯ.

ಊಟದಿಂದ ಬಂದ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುವುದು ಮೇದೋಜೀರಕ ಗ್ರಂಥಿಯ ಇನ್ಸುಲಿನ್. ಎರಡನೇ ವಿಧದ ಮಧುಮೇಹದಲ್ಲಿ ದೇಹ ಇನ್ಸುಲಿನ್‌ನ ಮಾತು ಕೇಳುವುದಿಲ್ಲ. ಕ್ರಮೇಣ ಇನ್ಸುಲಿನ್ ಕೂಡ ಕಡಿಮೆಯಾಗುತ್ತದೆ.

ಕನ್ನಂಬಾಡಿ ಕಟ್ಟೆ ನೀರು ಕೂಡಿಟ್ಟು ಬಿಡುವಂತೆ ನಮ್ಮ ಲಿವರ್ ಸಕ್ಕರೆ ಕೂಡಿಟ್ಟು ಬಿಡುತ್ತದೆ. ಈ ಕಾಯಿಲೆಯಲ್ಲಿ ಅದು ಬೇಕಾದ್ದಕ್ಕಿಂತ ಹೆಚ್ಚು ಬಿಡುತ್ತದೆ. 1957ರಿಂದ ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಆ ತೂಬನ್ನು ತಗ್ಗಿಸುತ್ತದೆ. ಇದೊಂದನ್ನೇ ತೆಗೆದುಕೊಂಡರೆ ಸಕ್ಕರೆ ತೀರಾ ಕುಸಿಯುವುದು ಅಪರೂಪ.

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಹಾಗಲ್ಲ. ಇವು ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಹೊರಡಿಸುತ್ತವೆ. ನೀವು ಉಂಡಿದ್ದೀರೋ ಇಲ್ಲವೋ ಅವು ನೋಡುವುದಿಲ್ಲ. ಮಾತ್ರೆ ನುಂಗಿ ಊಟ ಬಿಟ್ಟರೆ ನಡುಕ, ಬೆವರು, ಮಂಕು, ಪ್ರಜ್ಞೆಯೂ ತಪ್ಪಬಹುದು.

ಸಿಟಾಗ್ಲಿಪ್ಟಿನ್ ಜಾತಿಯವು ಸಕ್ಕರೆ ಏರಿದಾಗ ಮಾತ್ರ ಇನ್ಸುಲಿನ್ ಹೆಚ್ಚಿಸಲು ನೆರವಾಗುತ್ತವೆ. ವೋಗ್ಲಿಬೋಸ್ ಕರುಳಿನಲ್ಲಿ ಪಿಷ್ಟ ಕರಗುವುದನ್ನು ನಿಧಾನಿಸುತ್ತದೆ. ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಆದ್ದರಿಂದ ನೀರು ಚೆನ್ನಾಗಿ ಕುಡಿಯಬೇಕು.

ಈಗ ರಮಜಾನ್‌ನ ವಿಷಯ. ಸಹರಿಯಲ್ಲಿ ಯಾವ ಮಾತ್ರೆ, ಇಫ್ತಾರ್‌ನಲ್ಲಿ ಎಷ್ಟು ಎಂಬುದು ಮಾತ್ರೆಯ ಜಾತಿಯ ಮೇಲೆ ನಿಂತಿದೆ. ಒಂದೂವರೆ ತಿಂಗಳು ಮೊದಲೇ ವೈದ್ಯರನ್ನು ಕಾಣಿರಿ. ನೀವಾಗಿಯೇ ಬಿಡಬೇಡಿ, ಬದಲಿಸಬೇಡಿ. ರೋಜಾದಲ್ಲಿ ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಕೂಡಲೇ ರೋಜಾ ಬಿಡಬೇಕೆಂಬುದು ವೈದ್ಯರ ಸಲಹೆ. ರೋಗಿಗೆ ರಿಯಾಯಿತಿಯನ್ನು ಪವಿತ್ರ ಕುರ್‌ಆನ್ ಕೊಟ್ಟಿದೆ.

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸ. ಇಂದು ಮನೆಗೆ ಹೋಗಿ ಅಬ್ಬಾ, ಅಮ್ಮಿ, ದಾದಿಯವರ ಮಾತ್ರೆಯ ಹಾಳೆ ನೋಡಿ. ಕಂಪನಿಯ ಹೆಸರಲ್ಲ, ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದಿ. ಒಂದೇ ಮಾತ್ರೆಯಲ್ಲಿ ಎರಡು ಔಷಧಗಳೂ ಇರಬಹುದು. ಅದನ್ನು ಚೀಟಿಯಲ್ಲಿ ಬರೆದು ವೈದ್ಯರ ಬಳಿ ಒಯ್ಯಿರಿ. ಕಲಿತ ಅಕ್ಷರ ಮನೆಯವರ ಜೀವ ಕಾಯಲಿ.