ಮಂಗಳಗ್ರಹದ ರಾಜಕುಮಾರಿ ಮತ್ತು ಅಟ್ಟದ ಮೇಲಿನ ಮೂಟೆ

(ಮಳವಳ್ಳಿ ತಾಲ್ಲೂಕಿನ ಬಂಡೂರಿನಲ್ಲಿ ಓದುಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಬಂಡೂರು ಎಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ಕುರಿ. ಗಿಡ್ಡ ಕಾಲಿನ, ತುಂಬಿದ ಮೈಯ ಆ ಕುರಿಯನ್ನು ಬಲ್ಲವರು ಬರಿ ಉಣ್ಣೆ ನೋಡಿ ಕೊಳ್ಳುವುದಿಲ್ಲ. ಬೆನ್ನಿನ ಮೇಲೆ ಕೈಯಿಟ್ಟು ಒತ್ತಿ ನೋಡುತ್ತಾರೆ. ನಾನು ಇಂದು ಮಾತನಾಡಲಿರುವ ಸರಕಿಗೂ ಅದೇ ಪರೀಕ್ಷೆ ಬೇಕು.

ಇಲ್ಲಿನ ಮನೆಯೊಂದರ ಅಟ್ಟದಿಂದ ಎರಡು ಮೂಟೆ ಹಳೆಯ ಪುಸ್ತಕಗಳು ಇಳಿದಿವೆಯಂತೆ. ಹೆಚ್ಚಿನವು ಪತ್ತೇದಾರಿ ಕಾದಂಬರಿಗಳು. ನಡುವೆ ಒಂದಷ್ಟು ಇಂಗ್ಲಿಷಿನ ವೈಜ್ಞಾನಿಕ ಸಾಹಸ ಕಥೆಗಳು. ಇವನ್ನು ಮಕ್ಕಳ ಓದಿಗೆ ಕೊಡಬೇಕೋ, ತೂಕಕ್ಕೆ ಹಾಕಬೇಕೋ ಎಂಬ ಚರ್ಚೆ ನಡೆದಿದೆ. ಸಭೆಗೆ ಬರುವ ಮುನ್ನ ಒಬ್ಬ ಹುಡುಗಿ ನನ್ನನ್ನು ಕೇಳಿದಳು: 'ಈ ಪುಸ್ತಕಗಳಲ್ಲಿ ಹೆಂಗಸರು ಯಾಕೆ ಬರೀ ಕಿರುಚ್ತಾರೆ?' ಪ್ರಶ್ನೆ ಚಿಕ್ಕದು. ಆದರೆ ಇದಕ್ಕೆ ಉತ್ತರ ಹೇಳದೆ ಮೂಟೆಯ ಭವಿಷ್ಯ ತೀರ್ಮಾನಿಸುವುದು ಸರಿಯಲ್ಲ.

ಮೊದಲು ನಮ್ಮ ಕನ್ನಡದ ಮಾತು. 1952ರಲ್ಲಿ 'ಪತ್ತೇದಾರ ಪುರುಷೋತ್ತಮನ ಸಾಹಸ' ಬರೆದ ಎನ್. ನರಸಿಂಹಯ್ಯನವರು ಶಾಲೆಯಲ್ಲಿ ಕಲಿತದ್ದು ನಾಲ್ಕನೆಯ ತರಗತಿಯವರೆಗೆ. ಬರೆದ ಕಾದಂಬರಿಗಳು ಐನೂರಕ್ಕೂ ಹೆಚ್ಚು! ಅಕ್ಷರ ಕಲಿತೂ ಪುಸ್ತಕ ಹಿಡಿಯದ ಎಷ್ಟೋ ಜನರಿಗೆ ಓದಿನ ರುಚಿ ಹತ್ತಿಸಿದ ಕೀರ್ತಿ ಅವರದು. ಆದರೆ ಆ ಕಾಲದ ಪತ್ತೇದಾರಿ ಕಥೆಗಳ ಸಿದ್ಧ ಅಚ್ಚಿನಲ್ಲಿ ಹೆಣ್ಣಿಗೆ ಎರಡೇ ಜಾಗ. ಒಂದೋ ಅವಳನ್ನು ಯಾರಾದರೂ ಅಪಹರಿಸಬೇಕು, ಇಲ್ಲವೇ ಅವಳು ಮೋಹಿನಿಯಾಗಿ ಪತ್ತೇದಾರನನ್ನು ಬಲೆಗೆ ಬೀಳಿಸಬೇಕು. ಸುಳಿವನ್ನು ಹಿಡಿದು ಯೋಚಿಸುವ ಕೆಲಸ ಮಾತ್ರ ಗಂಡಿಗೆ ಮೀಸಲು.

ಇದು ನಮ್ಮಲ್ಲಿ ಹುಟ್ಟಿದ ರೋಗವಲ್ಲ. ಅಮೆರಿಕದ ಎಡ್ಗರ್ ರೈಸ್ ಬರೋಸ್ 1912ರಲ್ಲಿ ಮಂಗಳಗ್ರಹದ ಕಥೆಯೊಂದನ್ನು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ. 1917ರಲ್ಲಿ ಅದು 'ಎ ಪ್ರಿನ್ಸೆಸ್ ಆಫ್ ಮಾರ್ಸ್' ಎಂಬ ಪುಸ್ತಕವಾಯಿತು. ಅಗ್ಗದ ಕಾಗದದ ಮೇಲೆ ಅಚ್ಚಾಗುತ್ತಿದ್ದ 'ಪಲ್ಪ್' ಸಾಹಿತ್ಯದ ಮೂಲಪುರುಷರಲ್ಲಿ ಅವನೂ ಒಬ್ಬ. ಕಥೆಯ ರಾಜಕುಮಾರಿ ದೇಜಾ ಥೋರಿಸ್. ಅವಳು ಸೆರೆಯಾಗುವುದು, ಭೂಮಿಯಿಂದ ಹೋದ ಜಾನ್ ಕಾರ್ಟರ್ ಅವಳನ್ನು ಬಿಡಿಸುವುದು, ಇದೇ ಕಥೆಯ ಹುರಿ.

ಆದರೆ ಬೆನ್ನು ಒತ್ತಿ ನೋಡೋಣ. ಅವಳು ಸೆರೆಸಿಕ್ಕಾಗ ಏನು ಮಾಡುತ್ತಿದ್ದಳು? ವಿಹಾರಕ್ಕೆ ಹೊರಟಿರಲಿಲ್ಲ. ಮಂಗಳದ ಗಾಳಿಯ ಪ್ರವಾಹಗಳನ್ನು ಗುರುತಿಸಿ, ವಾತಾವರಣದ ಸಾಂದ್ರತೆಯನ್ನು ಅಳೆಯಲು ಹೊರಟ ವೈಜ್ಞಾನಿಕ ತಂಡದಲ್ಲಿದ್ದಳು! ಈ ಮಾತನ್ನು ಬರೋಸ್ ಅವಳ ಬಾಯಿಂದಲೇ ಹೇಳಿಸುತ್ತಾನೆ, ಹೇಳಿಸಿ ಮರೆತುಬಿಡುತ್ತಾನೆ. ಕೊನೆಯಲ್ಲಿ ಮಂಗಳಕ್ಕೆ ಉಸಿರು ಒದಗಿಸುವ ಗಾಳಿಯ ಕಾರ್ಖಾನೆ ಕೆಟ್ಟು ನಿಂತಾಗ ಅದರ ಬಾಗಿಲ ಗುಟ್ಟು ನೆನಪಾಗುವುದು ಯಾರಿಗೆ? ಜಾನ್ ಕಾರ್ಟರನಿಗೆ. ಗಾಳಿಯನ್ನು ಅಳೆಯಲು ಹೊರಟವಳು ಉಸಿರು ಕಟ್ಟಿ ಕಾಯುತ್ತಾಳೆ. ಹೆಣ್ಣಿನ ವಿದ್ಯೆಯನ್ನು ಒಪ್ಪಿಕೊಂಡೂ ಅದಕ್ಕೆ ಕೆಲಸ ಕೊಡದಿರುವುದು ಈ ಬಗೆಯ ಕಥೆಗಳ ನಿಜವಾದ ದೋಷ. ಮುಖಪುಟದ ಅರೆಬೆತ್ತಲೆ ಚಿತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ; ಇದು ಬೀಳುವುದಿಲ್ಲ.

ಹೆಂಗಸರೇ ಬರೆದಿದ್ದರೆ ಬೇರೆಯಾಗುತ್ತಿತ್ತೆ? ಉತ್ತರ ಅಷ್ಟು ಸುಲಭವಲ್ಲ. 1933ರಲ್ಲಿ 'ವಿಯರ್ಡ್ ಟೇಲ್ಸ್' ಪತ್ರಿಕೆಯಲ್ಲಿ ಸಿ.ಎಲ್. ಮೂರ್ ಎಂಬ ಹೆಸರಿನಲ್ಲಿ 'ಶಾಂಬ್ಲೋ' ಎಂಬ ಕಥೆ ಬಂತು. ಬರೆದವಳು ಕ್ಯಾಥರೀನ್ ಮೂರ್, ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ತರುಣಿ. ಹೆಸರನ್ನು ಮೊಟಕು ಮಾಡಿದ್ದು ಹೆಣ್ಣೆಂಬುದನ್ನು ಮುಚ್ಚಿಡಲಿಕ್ಕಲ್ಲ, ಬೇರೆ ಸಂಪಾದನೆ ಇದೆಯೆಂದು ಬ್ಯಾಂಕಿನವರಿಗೆ ತಿಳಿಯಬಾರದೆಂದು ಎಂದು ಆಕೆಯೇ ಮುಂದೆ ಹೇಳಿದಳು. ಆ ಕಥೆಯ ಹೆಣ್ಣೂ ಗಂಡಸನ್ನು ಮರುಳುಮಾಡಿ ಹೀರುವ ಮೋಹಿನಿಯೇ. ಮರುವರ್ಷವೇ ಆಕೆ ಜಿರೆಲ್ ಎಂಬ, ಕತ್ತಿ ಹಿಡಿದ ವೀರನಾಯಕಿಯನ್ನೂ ಸೃಷ್ಟಿಸಿದಳು. ಇನ್ನೊಬ್ಬ ಲೇಖಕ ಹೆನ್ರಿ ಕಟ್ನರ್ ಮೆಚ್ಚಿ ಬರೆದ ಪತ್ರದ ಮೇಲೆ 'ಮಿಸ್ಟರ್' ಮೂರ್ ಎಂದಿತ್ತಂತೆ. 1940ರಲ್ಲಿ ಅವರಿಬ್ಬರ ಮದುವೆಯೂ ಆಯಿತು! ಇಂಥ ಕಥೆ ಬರೆದವರು ಗಂಡಸೇ ಇರಬೇಕೆಂಬ ಎಣಿಕೆ ಎಷ್ಟು ಗಟ್ಟಿಯಾಗಿತ್ತು ನೋಡಿ.

ಈಗ ನಮ್ಮ ದೇಶಕ್ಕೆ, ನಿಮ್ಮ ತಾಲ್ಲೂಕಿಗೆ ಬರೋಣ. 1905ರಲ್ಲಿ, ಬರೋಸನಿಗೂ ಏಳು ವರ್ಷ ಮೊದಲು, ಬಂಗಾಳದ ರೊಕೆಯಾ ಹುಸೇನ್ ಎಂಬ ಮಹಿಳೆ 'ಸುಲ್ತಾನಾಸ್ ಡ್ರೀಮ್' ಎಂಬ ಇಂಗ್ಲಿಷ್ ಕಥೆ ಬರೆದರು. ಅದು ಅಚ್ಚಾದದ್ದು ನೆರೆಯ ಮದರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜೀನ್'ನಲ್ಲಿ. ಆ ಕನಸಿನ ನಾಡಿನಲ್ಲಿ ಪರದೆಯೊಳಗೆ ಇರುವವರು ಗಂಡಸರು. ಹೆಂಗಸರ ವಿಶ್ವವಿದ್ಯಾಲಯಗಳು ಬಿಸಿಲಿನ ಶಾಖವನ್ನು ಹಿಡಿದಿಡುತ್ತವೆ, ಮುಗಿಲಿನಿಂದ ನೀರನ್ನು ಇಳಿಸುತ್ತವೆ. ಹೊಲವನ್ನು ಉಳುವುದು ವಿದ್ಯುತ್ತು. ಅದೇ 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. ಆ ಬೆಳಕು ಹೊರಟದ್ದು ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ. 1902ರಲ್ಲೇ ಅಲ್ಲಿಂದ ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಿದ್ದರು. ಹೆಣ್ಣೊಬ್ಬಳು ವಿದ್ಯುತ್ತಿನಿಂದ ಉಳುವ ಕನಸು ಕಂಡಾಗ ನಿಮ್ಮ ಕಾವೇರಿ ಆ ಶಕ್ತಿಯನ್ನು ಆಗಲೇ ಕೊಡುತ್ತಿತ್ತು. ಯಂತ್ರ ಬಂದಿತ್ತು, ಅದರ ಹಿಡಿಯ ಮೇಲೆ ಹೆಣ್ಣಿನ ಕೈಯಿರಲಿಲ್ಲ, ಅಷ್ಟೆ.

ಈ ಜಿಲ್ಲೆಯದೇ ಇನ್ನೊಂದು ಹೆಸರು ಹೇಳಬೇಕು. 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದ ತ್ರಿವೇಣಿಯವರು ಬದುಕಿದ್ದು 1963ರವರೆಗೆ ಮಾತ್ರ. ಪತ್ತೇದಾರಿ ಕಾದಂಬರಿಗಳು ಭರದಿಂದ ಮಾರಾಟವಾಗುತ್ತಿದ್ದ ಕಾಲದಲ್ಲೇ ಅವರು 'ಶರಪಂಜರ'ದಂಥ ಜನಪ್ರಿಯ ಕಾದಂಬರಿ ಬರೆದು, ಹೆಣ್ಣಿನ ಮನಸ್ಸನ್ನೇ ಪತ್ತೆಹಚ್ಚಬೇಕಾದ ರಹಸ್ಯವಾಗಿಸಿದರು. ಜನ ಅದನ್ನೂ ಅಷ್ಟೇ ಆಸೆಯಿಂದ ಓದಿದರು. ಹಾಗಾಗಿ ಓದುಗರಿಗೆ ಬೇಕಿದ್ದುದು ಕಿರುಚುವ ಹೆಣ್ಣು ಮಾತ್ರ ಎಂಬ ಸಬೂಬು ನಿಲ್ಲುವುದಿಲ್ಲ.

ಕೊನೆಯದಾಗಿ ನನ್ನ ಮನೆಯ ಮಾತು. ನನ್ನ ಅಕ್ಕನನ್ನು ಏಳನೆಯ ತರಗತಿಗೇ ಶಾಲೆ ಬಿಡಿಸಿದರು, ನನ್ನನ್ನು ಓದಿಸಿದರು. ರಾತ್ರಿ ಊಟವಾದ ಮೇಲೆ ಅವಳು ಪತ್ತೇದಾರಿ ಕಾದಂಬರಿಗಳನ್ನು ನಮಗೆಲ್ಲ ಓದಿ ಹೇಳುತ್ತಿದ್ದಳು. ಒಂದು ಕಥೆಯಲ್ಲಿ, ಕೋಣೆಗೆ ನುಗ್ಗಿದ ಕಳ್ಳನ ಮುಖಕ್ಕೆ ಹುಡುಗಿ ಹಿತ್ತಾಳೆಯ ದೀಪದಿಂದ ಬಾರಿಸುತ್ತಾಳೆ. ಆ ದೃಶ್ಯ ನನಗೆ ಬಹಳ ಇಷ್ಟ. ದೊಡ್ಡವನಾದ ಮೇಲೆ ಅದೇ ಪುಸ್ತಕ ಸಿಕ್ಕಿತು, ಹುಡುಕಿದೆ. ದೀಪದ ಪ್ರಸ್ತಾಪವೇ ಇಲ್ಲ! ಪುಸ್ತಕದಲ್ಲಿ ಆ ಹುಡುಗಿ ಮೂರ್ಛೆ ಹೋಗಿದ್ದಳು. ಅಕ್ಕನನ್ನು ಕೇಳಿದರೆ, 'ದೀಪ ಕೈಯಲ್ಲೇ ಇತ್ತಲ್ಲೋ, ಮೂರ್ಛೆ ಯಾಕ್ ಹೋಗ್ಬೇಕು?' ಅಂದಳು. ಅವಳಿಗೆ ಆ ಪುಸ್ತಕ ಕೊಡಬಾರದೆಂದು ಯಾರಾದರೂ ತಡೆದಿದ್ದರೆ ಆ ದೀಪವೂ ಇರುತ್ತಿರಲಿಲ್ಲ. ಆದರೆ ಶಾಲೆ ಬಿಡಿಸದಿದ್ದರೆ ಅವಳು ತಾನೇ ಒಂದು ಪುಸ್ತಕ ಬರೆಯುತ್ತಿದ್ದಳೇನೋ. ಈ ಎರಡು ಮಾತನ್ನೂ ನಾನು ಮರೆಯಲಾರೆ.

ಆದ್ದರಿಂದ ಮೂಟೆಯನ್ನು ತೂಕಕ್ಕೆ ಹಾಕಬೇಡಿ ಎಂಬುದು ನನ್ನ ವಿನಂತಿ. ರೊಕೆಯಾ ಅವರನ್ನೂ ತ್ರಿವೇಣಿಯವರನ್ನೂ ಪಕ್ಕದಲ್ಲೇ ಇಡಿ. ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಬೇಡಿ. ಪ್ರಶ್ನೆ ಕೇಳಿದ ಆ ಹುಡುಗಿಗೆ ನನ್ನ ಉತ್ತರ ಇಷ್ಟೆ: ಆ ಹೆಂಗಸರು ಕಿರುಚುತ್ತಿರುವುದು ಅವರಿಗೆ ಯಾರೂ ಬೇರೆ ಮಾತು ಬರೆದುಕೊಡಲಿಲ್ಲವೆಂದು. ಬರೆದುಕೊಡುವ ಸರದಿ ಈಗ ನಿನ್ನದು.