ಇಂಜಿನ್ ಕಾದರೆ ಮೊದಲು ನೀರಿನ ದಾರಿ ನೋಡ್ರಿ



ಹರಿಹರದ ಕಡೆ ತುಂಗಭದ್ರಾ ಹೊಳೆ ದಂಡೆಗೆ ಡೀಸೆಲ್ ಇಂಜಿನ್ ಇಟ್ಟು ನೀರೆತ್ತುವವರು ನಮ್ಮಲ್ಲಿ ಅನೇಕರು. ಒಂದು ಬೇಸಿಗೆ ನಮ್ಮ ಇಂಜಿನ್ ವಿಪರೀತ ಕಾಯಿತು. ಗಾಬರಿಯಲ್ಲಿ ಒಂದು ಕೊಡ ತಣ್ಣೀರು ಸುರಿದೆವು, ಹೆಡ್ ಸೀಳಿತು. ಹೊಸ ಹೆಡ್ ತರುವಷ್ಟರಲ್ಲಿ ಭತ್ತ ಒಣಗಿತು, ಸಂಘದ ಸಾಲ ಮಾತ್ರ ಹಾಗೇ ಉಳಿಯಿತು. ಬಿಚ್ಚಿ ನೋಡಿದರೆ ನೀರು ಹೋಗುವ ಸಣ್ಣ ಪೈಪಿಗೆ ಕೆಸರು ಕಟ್ಟಿತ್ತು, ಅಷ್ಟೆ!

ಪಂಪಿನ ಡೆಲಿವರಿಯಿಂದ ಇಂಜಿನ್‌ಗೆ ಹೋದ ನೀರು ಹೊರಗೆ ಬೀಳುವಾಗ ಕೈಗೆ ತಡೆಯುವಷ್ಟೇ ಬಿಸಿ ಇರಬೇಕು. ಆ ಧಾರೆ ಸಣ್ಣಗಾದರೆ ಮೊದಲು ಡೆಲಿವರಿ ನೋಡ್ರಿ. ಅದೂ ಕಡಿಮೆಯಾಗಿದ್ದರೆ ಫುಟ್‌ವಾಲ್ವಿನ ಜಾಲರಿಗೆ ಕಸ ಹಿಡಿದಿರಬಹುದು, ಇಲ್ಲವೆ ಸಕ್ಷನ್ ಪೈಪು ಗಾಳಿ ಎಳೆಯುತ್ತಿರಬಹುದು. ಡೆಲಿವರಿ ಜೋರಾಗಿದ್ದರೆ ಸಣ್ಣ ಪೈಪು, ಅದರ ನಲ್ಲಿ ಬಿಚ್ಚಿ ತೊಳೀರಿ. ಮಳೆಗಾಲದ ಕೆಂಪು ನೀರು ಇಂಜಿನ್ ಒಳಗೂ ಕೆಸರು ಬಿಡುತ್ತದೆ. ಹಂಗಾಮು ಮುಗಿದ ಮೇಲೆ ಮೆಕ್ಯಾನಿಕ್ ಕೈಲಿ ತೆಗೆಸಿರಿ.

ನೀರು ಪೂರ್ತಿ ನಿಂತರೆ ಇಂಜಿನ್ ನಿಲ್ಲಿಸಿ, ತಾನಾಗಿ ಆರಲು ಬಿಡ್ರಿ. ಕಾದ ಬೀಡು ಕಬ್ಬಿಣಕ್ಕೆ ತಣ್ಣೀರು ಹಾಕಬ್ಯಾಡ್ರಿ. ಒಂದು ಗಂಟೆ ತಡವಾದರೆ ಬೆಳೆ ತಾಳುತ್ತದೆ. ಹೆಡ್ ಸೀಳಿದರೆ ತಾಳುವುದಿಲ್ಲ.